ಹೊಸದಾಗಿ ಸೇರಿದವರಿಗೆ ಮಾದರಿಯಾಗುವುದು: ಕೊಡಗಿನ ಹಳೆಯ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಹೆಚ್ಚಿನ ಕೆಲಸದ ಜಾಗಗಳು ಸಣ್ಣವು. ಸಹಕಾರ ಸಂಘ, ಪಂಚಾಯಿತಿ ಕಚೇರಿ, ಬ್ಯಾಂಕಿನ ಶಾಖೆ, ಪ್ರಾಥಮಿಕ ಆರೋಗ್ಯ ಕೇಂದ್ರ, ತೋಟದ ಆಫೀಸು, ಹೋಂಸ್ಟೇ, ಶಾಲೆ. ಎಲ್ಲ ಸೇರಿ ಹತ್ತು ಜನ ಇದ್ದರೆ ಅದೇ ದೊಡ್ಡದು. ಇಂಥಲ್ಲಿ ಹೊಸಬರಿಗೆ ಕೆಲಸ ಕಲಿಸಲು ಬೇರೆ ವಿಭಾಗ ಇರುವುದಿಲ್ಲ, ಪಕ್ಕದ ಮೇಜಿನವರೇ ಎಲ್ಲ. ಸಹಕಾರ ಸಂಘದಲ್ಲಿ ಬಹಳ ವರ್ಷ ದುಡಿದು, ಹೊಸದಾಗಿ ಬಂದ ಹುಡುಗ ಹುಡುಗಿಯರ ಜೊತೆ ಕೂತವಳು ನಾನು. ಬೇರೆ ಬೇರೆ ಕಡೆಯ ಹಳಬರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೂ ನನಗೆ ಸರಿ ಕಂಡ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ನನಗೆ ದೊಡ್ಡ ಹುದ್ದೆಯೇನಿಲ್ಲ, ಮೂರು ವರ್ಷದ ಸರ್ವೀಸ್ ಅಷ್ಟೇ. ನನ್ನನ್ನು ಯಾರು ಮಾದರಿ ಎಂದುಕೊಳ್ಳುತ್ತಾರೆ?

ಮೊದಲು ನೋಡುವುದು ನಿಮ್ಮನ್ನೇ. ಮ್ಯಾನೇಜರು ದಿನಕ್ಕೆ ಎರಡು ಸಲ ಹೊರಗೆ ಬಂದು ಮಾತಾಡಿಸಿ ಹೋಗುತ್ತಾರೆ. ನಿಮ್ಮ ಪಕ್ಕ ಹೊಸಬರು ಇಡೀ ದಿನ ಕೂರುತ್ತಾರೆ. ಕೌಂಟರಿನಲ್ಲಿ ಒಬ್ಬ ವಯಸ್ಸಾದವರು ಒಂದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದಾಗ ನಿಮ್ಮ ಮುಖ ಹೇಗಾಯಿತು ಎಂಬುದನ್ನು ಮ್ಯಾನೇಜರು ಕಾಣರು, ಹೊಸಬರು ಕಾಣುತ್ತಾರೆ.

ಕೊಡಗಿನಲ್ಲಿ ಮಾದರಿ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರದು. ಬರಬೇಕಾದದ್ದೇ. 1949ರ ಜನವರಿ 15ರಂದು ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ತಿಮ್ಮಯ್ಯನವರ ಮಡಿಕೇರಿಯ ಮನೆ ಸನ್ನಿಸೈಡ್ ಇಂದು ವಸ್ತುಸಂಗ್ರಹಾಲಯವಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗ. ಅಷ್ಟು ಎತ್ತರದವರನ್ನು ನೋಡಿದಾಗ ಮನಸ್ಸಿಗೆ ಹುಮ್ಮಸ್ಸು ಬರುತ್ತದೆ. ಆದರೆ ಸಾಲದ ಅರ್ಜಿಯಲ್ಲಿ ಸಹಿ ತಾಳೆಯಾಗದಿದ್ದರೆ ಬೆಳೆಗಾರರಿಗೆ ಅದನ್ನು ಹೇಗೆ ಹೇಳಬೇಕು ಎಂಬುದನ್ನು ಹೊಸ ಗುಮಾಸ್ತ ಕಲಿಯುವುದು ತನಗಿಂತ ಎರಡು ಮೂರು ವರ್ಷ ಮೊದಲು ಸೇರಿದವರಿಂದ. ವಯಸ್ಸಿನಲ್ಲೂ ಸಂಬಳದಲ್ಲೂ ಹತ್ತಿರ ಇರುವವರು ಮಾಡಿದ್ದನ್ನು ನಾನೂ ಮಾಡಬಲ್ಲೆ ಎಂಬ ಧೈರ್ಯ ಅವರಿಗೆ ಬರುತ್ತದೆ.

ಹೊಸಬರು ನಿಜಕ್ಕೂ ನೋಡಿ ಕಲಿಯುತ್ತಾರಾ? ಹೇಳಿಕೊಟ್ಟರೆ ಸಾಲದೇ?

ಹೇಳಿಕೊಡಲೇಬೇಕು. ಹೇಳಿದ್ದೂ ಮಾಡಿದ್ದೂ ಬೇರೆಯಾದಾಗ ಮಾತ್ರ ಅವರು ಮಾಡಿದ್ದನ್ನೇ ಹಿಡಿಯುತ್ತಾರೆ.

ಇದನ್ನು ಹತ್ತಿರದಿಂದ ಅಧ್ಯಯನ ಮಾಡಿದವರು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡುರಾ. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಸಣ್ಣ ಮಕ್ಕಳೆದುರು ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವಂತೆ ಮಾಡಿದರು. ಆಮೇಲೆ ಮಕ್ಕಳನ್ನು ಅದೇ ಗೊಂಬೆಯ ಬಳಿ ಬಿಟ್ಟಾಗ ಹಲವರು ಅದೇ ರೀತಿ ಹೊಡೆದರು, ದೊಡ್ಡವರು ಆಡಿದ ಮಾತುಗಳನ್ನೂ ಆಡಿದರು. ಹೊಡೆಯಿರಿ ಎಂದು ಯಾರೂ ಹೇಳಿರಲಿಲ್ಲ. ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ವಿಷಯ ತಿಳಿಯಿತು: ಹೊಡೆದವರಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಕಡಿಮೆ ಅನುಕರಿಸಿದರು. ನೋಡಿ ಕಲಿಯಲು ನಾಲ್ಕು ಸಂಗತಿ ಕೂಡಬೇಕು ಎಂದು ಬಂಡುರಾ ಹೇಳಿದರು. ಗಮನ ಕೊಡಬೇಕು, ಕಂಡದ್ದು ನೆನಪಿನಲ್ಲಿ ಉಳಿಯಬೇಕು, ಅದನ್ನು ಮಾಡುವ ಶಕ್ತಿ ಇರಬೇಕು, ಮಾಡಬೇಕೆಂಬ ಪ್ರೇರಣೆ ಇರಬೇಕು.

ನಮ್ಮ ಆಫೀಸಿನಲ್ಲಿ ಹೆಚ್ಚು ಯೋಚಿಸಬೇಕಾದದ್ದು ಕೊನೆಯದನ್ನು. ನಿಧಾನವಾದರೂ ಸರಿಯಾಗಿ ಲೆಕ್ಕ ಬರೆದವಳಿಗೆ ಬೈಗುಳ, ಅರ್ಧಂಬರ್ಧ ಮಾಡಿ ಬೇಗ ಮುಗಿಸಿದವನಿಗೆ ಶಹಬ್ಬಾಸ್ ಸಿಗುತ್ತಿದ್ದರೆ ನೀವು ಎಷ್ಟು ಚೆನ್ನಾಗಿ ಕಲಿಸಿದರೂ ಹೊಸಬರು ಎರಡನೆಯವನ ದಾರಿ ಹಿಡಿಯುತ್ತಾರೆ. ಆದ್ದರಿಂದ ಸರಿಯಾಗಿ ಕೆಲಸ ಮಾಡಿದವರನ್ನು ಎಲ್ಲರೆದುರು ಹೆಸರು ಹಿಡಿದು ಹೊಗಳಿ. ಆ ಅಧಿಕಾರಕ್ಕೆ ಹುದ್ದೆ ಬೇಡ.

ಮೊದಲ ವಾರ ಏನು ಮಾಡಬೇಕು? ಅವರೂ ಸುಮ್ಮನಿರುತ್ತಾರೆ, ನಾವೂ ಕೆಲಸದಲ್ಲಿ ಮುಳುಗಿರುತ್ತೇವೆ.

ಕೆಲಸಕ್ಕಿಂತ ಮೊದಲು ಊರನ್ನು ಪರಿಚಯಿಸಿ. ಹೊರ ಜಿಲ್ಲೆಯಿಂದ ಬಂದವರಿಗೆ ಇದು ಇನ್ನೂ ಮುಖ್ಯ. ಕೊನೆಯ ಬಸ್ಸು ಎಷ್ಟು ಗಂಟೆಗೆ, ಅದು ತಪ್ಪಿದರೆ ಯಾವ ಜೀಪು ಸಿಗುತ್ತದೆ, ಊಟ ಎಲ್ಲಿ, ಶೌಚಾಲಯ ಎಲ್ಲಿ, ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ, ಕರೆಂಟು ಹೋದರೆ ಜನರೇಟರ್ ಹಾಕುವವರು ಯಾರು. ಕೇಳಲು ಸಂಕೋಚಪಡುವ ಸಂಗತಿಗಳು ಇವೇ. ಮೊದಲ ದಿನ ಮಧ್ಯಾಹ್ನ ನೀವೇ ಕರೆದು ಜೊತೆಗೆ ಊಟಕ್ಕೆ ಕೂರಿಸಿಕೊಳ್ಳಿ. ಒಬ್ಬರೇ ಮೂಲೆಯಲ್ಲಿ ಡಬ್ಬಿ ಬಿಚ್ಚುವಂತಾಗಬಾರದು.

ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆ, ತಿತಿಮತಿ ಕಡೆ ಕೆಲಸವಾದರೆ ಆನೆಯ ವಿಚಾರ ಮೊದಲ ದಿನವೇ ಹೇಳಬೇಕು. ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಒಂಟಿಯಾಗಿ ನಡೆಯಬಾರದು, ಬೈಕಿನಲ್ಲಿ ಹೋಗುವಾಗ ತಿರುವುಗಳಲ್ಲಿ ನಿಧಾನಿಸಬೇಕು, ಬೆಳಿಗ್ಗೆ ಬರುವ ಮೊದಲು ಆನೆ ಎಲ್ಲಿದೆ ಎಂದು ವಿಚಾರಿಸಬೇಕು. ಹೇಳಿದ ಮೇಲೆ ನೀವೂ ಅದನ್ನು ಪಾಲಿಸಬೇಕು. "ನನಗೆ ಅಭ್ಯಾಸ ಇದೆ" ಎಂದು ಏಳು ಗಂಟೆಗೆ ನೀವು ಒಬ್ಬರೇ ಹೊರಟರೆ, ಆರು ತಿಂಗಳಲ್ಲಿ ಅವರೂ ಹಾಗೇ ಹೊರಡುತ್ತಾರೆ. ಈ ಒಂದು ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

ಕೆಲಸ ತೋರಿಸಿಕೊಡುವಾಗ ಪಕ್ಕದಲ್ಲಿ ಕೂರಿಸಿಕೊಂಡರೂ ಅವರಿಗೆ ಅರ್ಥವಾದಂತೆ ಕಾಣುವುದಿಲ್ಲ. ಏನು ತಪ್ಪು?

ನಿಮ್ಮ ಕೈ ಅವರಿಗೆ ಕಾಣುತ್ತದೆ, ತಲೆಯೊಳಗಿನ ಲೆಕ್ಕ ಕಾಣುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಬೇಕು.

ನನಗೆ ಗೊತ್ತಿರುವ ಕೆಲಸದಿಂದಲೇ ಹೇಳುತ್ತೇನೆ. ಬೆಳೆಗಾರರೊಬ್ಬರು ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು ತಂದಿದ್ದಾರೆ. ಹಳಬರು ಚೀಲದ ಬಾಯಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ತೆಗೆದು ತೇವ ಅಳೆಯುವ ಮಾಯಿಶ್ಚರ್ ಮೀಟರಿಗೆ ಹಾಕುತ್ತಾರೆ. ಮೂರು ಕಡೆಯಿಂದ ಯಾಕೆ ಎಂದು ಹೇಳದಿದ್ದರೆ ಹೊಸಬರಿಗೆ ಅದು ಕೈಯ ಚಾಳಿ ಎನಿಸುತ್ತದೆ. ತರಾತುರಿಯ ದಿನ ಬಾಯಿಂದ ಮಾತ್ರ ತೆಗೆಯುತ್ತಾರೆ. "ಕಣದಲ್ಲಿ ದಪ್ಪ ಹರಡಿದ್ದರೆ ಮೇಲಿನದು ಒಣಗಿ ಅಡಿಯದು ಹಸಿ ಉಳಿದಿರುತ್ತದೆ. ಶೇ 11ಕ್ಕಿಂತ ಹೆಚ್ಚು ತೇವ ಇದ್ದ ಚೆರ್ರಿ ಗೋಡೌನಿಗೆ ಹೋದರೆ ಬೂಸ್ಟು ಹಿಡಿದು ಪಕ್ಕದವರ ಚೀಲವನ್ನೂ ಕೆಡಿಸುತ್ತದೆ. ಅದಕ್ಕೇ ತಳದಿಂದ ತೆಗೆದೆ" ಎಂದು ಹೇಳಿ. ಓಟಿ, ಅಂದರೆ ಚೆರ್ರಿಯಿಂದ ಸಿಗುವ ಬೀಜದ ತೂಕ (ಔಟ್‌ಟರ್ನ್) ನೋಡುವಾಗಲೂ ಹಾಗೆಯೇ. 50 ಕೆ.ಜಿ. ಚೀಲದಲ್ಲಿ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬುದರ ಮೇಲೆ ಬೆಳೆಗಾರರ ಕೈಗೆ ಬರುವ ಹಣ ನಿಂತಿದೆ. ಅರ್ಧ ಕೆ.ಜಿ. ಅತ್ತಿತ್ತ ಬರೆದರೆ ಒಂದು ಕುಟುಂಬದ ಇಡೀ ವರ್ಷದ ದುಡಿಮೆಯಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿ. ಆ ಲೆಕ್ಕ ಕಂಡವರು ತಕ್ಕಡಿಯ ಮುಂದೆ ಬೇರೆ ರೀತಿ ನಿಲ್ಲುತ್ತಾರೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬರ ಕ್ರಮವೂ ಹೀಗೇ. ವಾರ್ಡಿನ ಆ ರೋಗಿ ನಾಲ್ಕು ದಿನದಿಂದ ಗೊತ್ತಿದ್ದರೂ ಇಂಜೆಕ್ಷನ್ ಕೊಡುವ ಮೊದಲು ಹೆಸರನ್ನು ಅವರ ಬಾಯಿಂದಲೇ ಹೇಳಿಸಿ, ಕೇಸ್‌ಶೀಟ್ ನೋಡಿ, ಪಕ್ಕದಲ್ಲಿ ನಿಂತ ಹೊಸ ಸಿಸ್ಟರ್‌ಗೆ ಕೇಳುವಂತೆ ಔಷಧದ ಹೆಸರು, ಪ್ರಮಾಣ ಓದುತ್ತಾರೆ. ಗೊತ್ತಿದ್ದೂ ಕೇಳುವುದು ಕೆಲಸದ ಭಾಗ ಎಂದು ಹೊಸಬರು ಅಲ್ಲೇ ತಿಳಿದುಕೊಳ್ಳುತ್ತಾರೆ.

ತೋರಿಸಿದ ಮೇಲೆ ಬೇಗ ಅವರ ಕೈಗೆ ಕೊಡಿ, ನೀವು ಪಕ್ಕದಲ್ಲಿರಿ. ಅವರು ತಡವರಿಸಿದ ಕೂಡಲೇ "ಕೊಡು ಇಲ್ಲಿ" ಎಂದು ಕಸಿದುಕೊಳ್ಳುವ ಅಭ್ಯಾಸ ಹಳಬರಲ್ಲಿ ಬಹಳ. ಸಾಲು ಉದ್ದವಿದ್ದಾಗ ಕಸಿದುಕೊಂಡರೆ ತಪ್ಪಿಲ್ಲ. ಖಾಲಿ ಇರುವಾಗಲೂ ಕಸಿದುಕೊಂಡರೆ ಅವರು ಕಲಿಯುವುದು ಯಾವಾಗ?

ನನ್ನಿಂದ ತಪ್ಪಾದರೆ ಹೊಸಬರ ಮುಂದೆ ಒಪ್ಪಿಕೊಳ್ಳಬೇಕೇ? ಗೌರವ ಹೋಗುವುದಿಲ್ಲವೇ?

ಒಪ್ಪಿಕೊಳ್ಳಿ. ಚುಟುಕಾಗಿ, ಸರಿಪಡಿಸುವ ಕೆಲಸದ ಜೊತೆಗೇ: "ಈ ರಶೀದಿಯಲ್ಲಿ ಖಾತೆ ನಂಬರು ತಪ್ಪು ಬರೆದಿದ್ದೇನೆ. ಅವರಿಗೆ ಫೋನ್ ಮಾಡಿ ಕರೆಸುತ್ತೇನೆ, ಮ್ಯಾನೇಜರಿಗೂ ಹೇಳುತ್ತೇನೆ." ಹೀಗೆ ಮಾಡಿದವರ ಬಳಿ ಹೊಸಬರು ತಮ್ಮ ತಪ್ಪನ್ನು ಅದೇ ದಿನ ತಂದು ಹೇಳುತ್ತಾರೆ. ಮುಚ್ಚಿಡುವುದನ್ನು ಕಂಡವರು ಆಡಿಟ್ ಬರುವವರೆಗೆ ಮುಚ್ಚಿಡುತ್ತಾರೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲಿ ಔಷಧ ಕೊಡುವ ತಪ್ಪುಗಳು ಕಡಿಮೆ ಇರಬಹುದು ಎಂದುಕೊಂಡಿದ್ದರು. ದಾಖಲೆಯಲ್ಲಿ ಹೆಚ್ಚೇ ಕಂಡವು. ಆ ತಂಡಗಳು ಹೆಚ್ಚು ತಪ್ಪುತ್ತಿದ್ದವು ಎಂದು ಅದರ ಅರ್ಥವಾಗಿರಲಿಲ್ಲ. ಅಲ್ಲಿನ ದಾದಿಯರು ಹೆದರದೆ ಹೇಳುತ್ತಿದ್ದರು. ಹೇಳಿದ ತಪ್ಪನ್ನು ತಿದ್ದಬಹುದು. ಗೌರವದ ಮಾತು ಬಂದಾಗಲೆಲ್ಲ ನಾನು ಈ ಅಧ್ಯಯನವನ್ನು ನೆನಪಿಸುತ್ತೇನೆ.

ಹೊಸಬರು ತಪ್ಪಿದಾಗ ಗಿರಾಕಿಯ ಮುಂದೆ ಬೈಯಬೇಡಿ. ಗಿರಾಕಿ ಇದ್ದಾಗ ಕೆಲಸ ಸರಿಮಾಡಿಕೊಡಿ, ಮಾತು ಆಮೇಲೆ ಒಳಗೆ. ಕೊಡಗು ಸಣ್ಣ ಜಿಲ್ಲೆ. ಕೌಂಟರಿನಲ್ಲಿ ಆದ ಅವಮಾನದ ಸುದ್ದಿ ಸಂಜೆಯೊಳಗೆ ಅವರ ಅತ್ತೆಮನೆ ತಲುಪಿರುತ್ತದೆ.

ನಮ್ಮಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಮಾತಾಡುವವರಿದ್ದಾರೆ. ಹೊಸಬರ ಮುಂದೆ ಯಾವ ಭಾಷೆ ಬಳಸಬೇಕು?

ಮನೆಮಾತಿನಲ್ಲಿ ಮಾತಾಡುವ ಸುಖ ನನಗೆ ಗೊತ್ತು, ಬಿಡಿ ಎಂದು ಹೇಳುವುದಿಲ್ಲ. ಚಹಾ ಕುಡಿಯುವಾಗ ಧಾರಾಳವಾಗಿ ಮಾತಾಡಿ. ಆದರೆ ಕೆಲಸದ ಮಾತನ್ನು ಅಲ್ಲಿರುವ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಆಡಬೇಕು, ಅಂದರೆ ಹೆಚ್ಚಾಗಿ ಕನ್ನಡ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಸರ್ಕಾರಿ ನೇಮಕಾತಿಯಲ್ಲಿ ಬಂದ ಹುಡುಗಿಯ ಎದುರು ಇಬ್ಬರು ಹಳಬರು ಅವಳಿಗೆ ತಿಳಿಯದ ಭಾಷೆಯಲ್ಲಿ ಕಡತ ತೋರಿಸಿ ಮಾತಾಡಿ ನಕ್ಕರೆ, ತನ್ನ ಬಗ್ಗೆಯೇ ನಕ್ಕರು ಎಂದು ಅವಳು ತಿಳಿಯುತ್ತಾಳೆ. ಅವಳ ಉತ್ತರ ಕರ್ನಾಟಕದ ಮಾತಿನ ಧಾಟಿಯನ್ನು ಅಣಕಿಸುವುದಂತೂ ಕೂಡದು. ಬದಲಿಗೆ ನಿಮ್ಮ ಭಾಷೆಯ ಒಂದೆರಡು ಮಾತು ಕಲಿಸಿ. ತೋಟದ ಕಡೆಯ ಅಜ್ಜಿಯೊಬ್ಬರು ಕೌಂಟರಿಗೆ ಬಂದಾಗ ಅವರ ಮನೆಮಾತಿನಲ್ಲಿ ಒಂದು ಮಾತಾಡಿಸಿದರೆ ಅವರ ಮುಖ ಅರಳುವುದನ್ನು ಅವಳೂ ಕಾಣಲಿ.

ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದ ಕಾರ್ಮಿಕರ ವಿಷಯದಲ್ಲೂ ಇದೇ. ತೋಟದ ಹಾಜರಿ, ಲೆಕ್ಕ ನೋಡುವ ರೈಟರು ಅವರನ್ನು ಹೆಸರು ಹಿಡಿದು ಕರೆದರೆ ಹೊಸ ರೈಟರೂ ಹೆಸರು ಕಲಿಯುತ್ತಾನೆ. "ಏಯ್" ಎಂದರೆ ಅವನೂ "ಏಯ್" ಎನ್ನುತ್ತಾನೆ.

ವಯಸ್ಸಿನಲ್ಲಿ ಚಿಕ್ಕವರನ್ನು ನೀನು ಎನ್ನಬಹುದೇ?

ಕೆಲಸದಲ್ಲಿ ನೀವು ಎಂದೇ ಶುರುಮಾಡಿ. ಅವರೇ ಅಕ್ಕ, ಅಣ್ಣ ಎನ್ನುವಷ್ಟು ಹತ್ತಿರವಾದ ಮೇಲೆ ನೀನು ತಾನಾಗಿ ಬರುತ್ತದೆ. ಗಂಡಸರಿಗೆ ನೀವು, ಹೆಣ್ಣುಮಕ್ಕಳಿಗೆ ನೀನು ಎನ್ನುವ ಕಚೇರಿಗಳಿವೆ. ಅದು ಸರಿಯಲ್ಲ.

ಹೆಣ್ಣುಮಕ್ಕಳಿಗೆ ಮುಜುಗರವಾಗುವ ಮಾತು, ಜೋಕು ನಡೆಯುತ್ತಿರುತ್ತದೆ. ನಾನು ಆಡುವುದಿಲ್ಲ, ಅಷ್ಟು ಸಾಲದೇ?

ಸಾಲದು. ನೀವು ಆಡದಿದ್ದರೂ ನಕ್ಕರೆ ಅದಕ್ಕೆ ಒಪ್ಪಿಗೆ ಕೊಟ್ಟಂತೆ, ಹೊಸ ಹುಡುಗರು ಅದನ್ನು ಕಚೇರಿಯ ರೂಢಿ ಎಂದುಕೊಳ್ಳುತ್ತಾರೆ. "ಇಲ್ಲಿ ಆ ಮಾತು ಬೇಡ" ಎಂದು ಒಮ್ಮೆ ಗಟ್ಟಿಯಾಗಿ ಹೇಳಿ.

ಕಾನೂನನ್ನೂ ತಿಳಿದಿರಿ, ಹೊಸಬರಿಗೆ ಮೊದಲ ವಾರವೇ ತಿಳಿಸಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ 2013ರದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನ ಇರುವ ಅಂಗಡಿ, ಹೋಂಸ್ಟೇಗಳಲ್ಲಿ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿಗೆ ಘಟನೆಯಿಂದ ಮೂರು ತಿಂಗಳ ಅವಧಿ ಇದೆ, ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ನಮ್ಮ ಜಿಲ್ಲೆಯಲ್ಲಿ ಹೋಂಸ್ಟೇಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ನಾಲ್ಕೇ ಜನ ಇರುವ ಜಾಗದಲ್ಲೂ ದೂರು ಕೊಡಲು ದಾರಿ ಇದೆ ಎಂದು ಅವರಿಗೆ ಹೇಳುವವರು ಬೇಕು. ಆ ಹಳಬರು ನೀವಾಗಿ.

ಹಬ್ಬದ ರಜೆ ಹಂಚುವಾಗ ಹಿರಿಯರಿಗೆ ಮೊದಲ ಆದ್ಯತೆ ಇರಬೇಕಲ್ಲವೇ?

ಸೆಪ್ಟೆಂಬರಿನ ಕೈಲ್ ಪೊಳ್ದ್, ಅಕ್ಟೋಬರಿನ ಕಾವೇರಿ ತೀರ್ಥೋದ್ಭವ, ನವೆಂಬರ್ ಕೊನೆ ಅಥವಾ ಡಿಸೆಂಬರಿನ ಹುತ್ತರಿ. ಈ ದಿನಗಳಲ್ಲಿ ಎಲ್ಲರಿಗೂ ಮನೆಯಲ್ಲಿರಬೇಕು. ಕಾಫಿ ಕೊಯ್ಲು ಶುರುವಾದ ಮೇಲೆ ರಜೆಯ ಜಗಳ ಇನ್ನೂ ಹೆಚ್ಚು, ಏಕೆಂದರೆ ನೌಕರರಲ್ಲೂ ಹಲವರಿಗೆ ಸ್ವಂತ ತೋಟ ಇರುತ್ತದೆ. ಹಿರಿತನದ ಬಲದಿಂದ ಪ್ರತಿ ವರ್ಷ ನೀವೇ ರಜೆ ತೆಗೆದುಕೊಂಡರೆ ಯಾರೂ ಪ್ರಶ್ನಿಸುವುದಿಲ್ಲ ನಿಜ. ಆದರೆ ಅದನ್ನು ನೋಡಿದ ಹೊಸ ಹುಡುಗ ಮುಂದೆ ಹಿರಿಯನಾದಾಗ ತನ್ನ ಕೆಳಗಿನವರಿಗೆ ಅದನ್ನೇ ಮಾಡುತ್ತಾನೆ. ವರ್ಷದ ಆರಂಭದಲ್ಲೇ ಪಟ್ಟಿ ಬರೆದು ಗೋಡೆಗೆ ಹಾಕಿ, ಒಂದು ಹಬ್ಬಕ್ಕೆ ನಿಮ್ಮ ಹೆಸರನ್ನು ನೀವೇ ಡ್ಯೂಟಿಯಲ್ಲಿ ಬರೆಯಿರಿ. ರಂಜಾನ್, ಓಣಂ, ಕ್ರಿಸ್‌ಮಸ್‌ಗೂ ಅದೇ ಪಟ್ಟಿಯಲ್ಲಿ ಜಾಗ ಇರಲಿ.

ಮಳೆಗಾಲದಲ್ಲಿ ಸಮಯಕ್ಕೆ ಸರಿಯಾಗಿ ಬನ್ನಿ ಎಂದು ಹೊಸಬರಿಗೆ ಹೇಗೆ ಹೇಳಲಿ? ನಾವೇ ತಡವಾಗುತ್ತೇವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಗಡಿಯಾರಕ್ಕಿಂತ ರಸ್ತೆ ದೊಡ್ಡದು. ಭಾಗಮಂಡಲದಿಂದ ನಾಪೋಕ್ಲು ಕಡೆಯ ರಸ್ತೆಗೆ ಕಾವೇರಿ ನೀರು ಬಂದರೆ ಯಾರೇನು ಮಾಡಲಾದೀತು? ಇಲ್ಲಿ ನೀವು ತೋರಿಸಬೇಕಾದದ್ದು ಮುಂಚಿತವಾಗಿ ತಿಳಿಸುವ ಅಭ್ಯಾಸ. ಮರ ಬಿದ್ದಿದೆ, ಅರ್ಧ ಗಂಟೆ ತಡ ಎಂದು ಫೋನ್ ಮಾಡಿ ಹೇಳಿ. ನೀವು ಹೇಳಿದರೆ ಅವರೂ ಹೇಳುತ್ತಾರೆ.

ಇನ್ನೊಂದು ಮುಖ್ಯ ವಿಷಯ. 2018ರ ಆಗಸ್ಟ್ ಕಂಡವರು ನಾವು. ಬೆಟ್ಟ ಕುಸಿದು ಮನೆ, ತೋಟ, ರಸ್ತೆ ಒಂದೇ ವಾರದಲ್ಲಿ ಹೋದದ್ದನ್ನು ನೋಡಿದ್ದೇವೆ. ಹೊರಗಿನಿಂದ ಹೊಸದಾಗಿ ಬಂದವರಿಗೆ ಈ ಮಳೆಯ ಅಂದಾಜು ಇರುವುದಿಲ್ಲ, ಬೇಗ ಹೊರಡಲು ಕೇಳಿದರೆ ಸೋಮಾರಿ ಎಂದುಕೊಂಡಾರು ಎಂದು ಸುಮ್ಮನಿರುತ್ತಾರೆ. ನೀವೇ ಮ್ಯಾನೇಜರಿನ ಬಳಿ ಹೋಗಿ "ದೂರದವರನ್ನು ಈಗಲೇ ಕಳಿಸೋಣ" ಎಂದು ಕೇಳಿ. ತಮ್ಮ ಪರವಾಗಿ ಒಬ್ಬರು ಮಾತಾಡಿದ್ದನ್ನು ಅವರು ಮರೆಯುವುದಿಲ್ಲ, ಮುಂದೆ ಇನ್ನೊಬ್ಬರ ಪರವಾಗಿ ತಾವೂ ಮಾತಾಡುತ್ತಾರೆ.

ಹೊಸಬರಿಗೆ ಕಂಪ್ಯೂಟರ್ ನನಗಿಂತ ಚೆನ್ನಾಗಿ ಬರುತ್ತದೆ. ಅವರಿಗೆ ನಾನೇನು ಕಲಿಸಲಿ?

ಅವರಿಂದ ಕಲಿಯಿರಿ, ಎಲ್ಲರ ಎದುರಿಗೇ. ಹಿರಿಯರು ಕೇಳಿ ಕಲಿಯುವುದನ್ನು ಕಂಡವರಿಗೆ ಪ್ರಶ್ನೆ ಕೇಳುವ ನಾಚಿಕೆ ಹೋಗುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಹಾಕಿ ಉತ್ಸವದಲ್ಲಿ ಒಂದೇ ಒಕ್ಕದ (ಮನೆತನದ) ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವುದುಂಟು. ಓಡುವ ಕಾಲು ಮೊಮ್ಮಗಳದ್ದಾದರೆ ಚೆಂಡು ಎಲ್ಲಿಗೆ ಬರುತ್ತದೆ ಎಂಬ ತಿಳಿವಳಿಕೆ ಅಜ್ಜನದು. ಕಚೇರಿಯಲ್ಲೂ ಹಾಗೆಯೇ. ಸಾಫ್ಟ್‌ವೇರ್ ಅವರಿಗೆ ಗೊತ್ತು. ಯಾವ ಸದಸ್ಯರ ಮನೆಯಲ್ಲಿ ಸಾವಾಗಿದೆ, ಈ ತಿಂಗಳು ಅವರಿಗೆ ನೋಟಿಸ್ ಕಳಿಸುವ ಮೊದಲು ಒಂದು ಮಾತಾಡಬೇಕು ಎಂಬುದು ನಿಮಗೆ ಗೊತ್ತು.

ಮೇಲಿನವರೇ ತಪ್ಪು ದಾರಿಯಲ್ಲಿದ್ದರೆ? ಹಿಂದಿನ ತಾರೀಕು ಹಾಕಿ ಸಹಿ ಮಾಡಿ ಎನ್ನುತ್ತಾರೆ.

ಕಷ್ಟದ ಪ್ರಶ್ನೆ. ನೌಕರಿ ಬಿಟ್ಟುಬಿಡಿ ಎಂದು ಹೊರಗೆ ನಿಂತು ಹೇಳುವುದು ಸುಲಭ, ಮನೆ ನಡೆಸುವವರಿಗೆ ಗೊತ್ತು ಅದರ ಭಾರ. ನಾನು ಹೇಳುವುದಿಷ್ಟು: ಹಿಂದಿನ ತಾರೀಕಿಗೆ ಸಹಿ ಮಾಡಬೇಡಿ. "ಇವತ್ತಿನ ತಾರೀಕು ಹಾಕಿ, ತಡವಾದ ಕಾರಣ ಷರಾ ಬರೆದು ಕೊಡುತ್ತೇನೆ ಸರ್" ಎಂದು ಮೆತ್ತಗೆ ಹೇಳಿ. ಬಹಳ ಸಲ ಅಷ್ಟಕ್ಕೇ ಮಾತು ಮುಗಿಯುತ್ತದೆ. ಮುಗಿಯದಿದ್ದರೆ ಲಿಖಿತವಾಗಿ ಕೊಡಿ ಎಂದು ಕೇಳಿ. ಯಾವ ಕಾರಣಕ್ಕೂ ಆ ಕಾಗದವನ್ನು ಹೊಸಬರ ಕಡೆ ತಳ್ಳಬೇಡಿ. ನಿಯಮ ತಿಳಿಯದವರಿಂದ ಸಹಿ ಹಾಕಿಸಿ ತಾವು ಪಾರಾಗುವ ಹಳಬರಿದ್ದಾರೆ. ಕೆಲಸದ ಜಾಗದಲ್ಲಿ ಅದಕ್ಕಿಂತ ದೊಡ್ಡ ದ್ರೋಹ ನನಗೆ ಕಾಣುವುದಿಲ್ಲ.

ವಾಟ್ಸ್ಆ್ಯಪ್ ಗುಂಪಿನಲ್ಲಿ?

ರಾತ್ರಿ ಹತ್ತಕ್ಕೆ ಕೆಲಸ ಹೇಳಬೇಡಿ. ಗುಂಪಿನಲ್ಲಿ ಯಾರನ್ನೂ ಬೈಯಬೇಡಿ.

ನನಗೆ ವರ್ಗಾವಣೆಯಾಗಿದೆ, ಒಂದು ತಿಂಗಳು ಉಳಿದಿದೆ. ಹೊಸಬರಿಗಾಗಿ ಏನು ಮಾಡಿ ಹೋಗಲಿ?

ಎಲ್ಲರಿಗೂ ಗೊತ್ತಿದೆ ಎಂದು ಯಾರೂ ಬರೆದಿಡದ ಸಂಗತಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಬೀಗದ ಕೈ ಎಲ್ಲಿದೆ, ಯಾವ ವರದಿ ಯಾವ ತಾರೀಕಿಗೆ ಮಡಿಕೇರಿಗೆ ಹೋಗಬೇಕು, ಯಾವ ಕಡತದಲ್ಲಿ ತಕರಾರು ಬಾಕಿ ಇದೆ, ಅದು ಹೇಗೆ ಶುರುವಾಯಿತು. ಕೊನೆಯ ಎರಡು ವಾರ ಕುರ್ಚಿ ಅವರಿಗೆ ಬಿಡಿ, ನೀವು ಪಕ್ಕದ ಸ್ಟೂಲಿನಲ್ಲಿ ಕೂರಿ. ಸದಸ್ಯರು ಅಭ್ಯಾಸದಿಂದ ನಿಮ್ಮನ್ನೇ ಕೇಳುತ್ತಾರೆ, "ಇವರನ್ನು ಕೇಳಿ, ಇವರಿಗೆ ಗೊತ್ತು" ಎಂದು ಹೊಸಬರ ಕಡೆ ತೋರಿಸಿ.

ಹೋದ ಮೇಲೆ ಒಂದು ತಿಂಗಳು ಫೋನ್ ಬರುತ್ತಲೇ ಇರುತ್ತದೆ, ಬೇಸರಿಸಬೇಡಿ. ಉತ್ತರ ಹೇಳುವ ಮೊದಲು "ನಿಮಗೆ ಏನನಿಸುತ್ತದೆ?" ಎಂದು ಕೇಳಿ. ಹೆಚ್ಚಿನ ಸಲ ಅವರ ಬಳಿ ಸರಿಯಾದ ಉತ್ತರ ಇರುತ್ತದೆ. "ಸರಿ ಇದೆ, ಹಾಗೇ ಮಾಡಿ" ಎಂದರೆ ಸಾಕು.